ಒಂದೇ ಕಾಲಿನ ಹೆಜ್ಜೆ

ನನ್ನ ತಮ್ಮ ಸೋಪು ಮುಟ್ಟುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಸೋಪಿನ ವಾಸನೆ ಬಂದರೆ ತೋಳ ಹತ್ತಿರ ಸುಳಿಯುವುದಿಲ್ಲ ಎಂಬುದು ಅವನ ವಾದ. ಬೋನು ಹೂಡುವ ಮೊದಲು ಮಂಡಿಯೂರಿ, ಮೂಗನ್ನು ಮಣ್ಣಿಗೆ ತಾಗಿಸಿ ಮೂಸುತ್ತಿದ್ದ. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಮೂಸಣ್ಣ. ಮೊದಮೊದಲು ಅದು ಗೇಲಿಯ ಹೆಸರಾಗಿತ್ತು. ಆಮೇಲೆ ಹುಲ್ಲುಗಾವಲಿನ ಹನ್ನೊಂದು ಮನೆಯವರೂ ಆ ಹೆಸರು ಹೇಳುವಾಗ ದನಿ ತಗ್ಗಿಸತೊಡಗಿದರು.

ಅವನು ನಮ್ಮ ಮನೆಗೆ ಬಂದದ್ದು ಲೋಕದ ಕೆಲಸಗಳನ್ನೆಲ್ಲ ಒಂದೊಂದು ಕೈ ನೋಡಿ ಬಿಟ್ಟ ಮೇಲೆ. ಲಾರಿಯಲ್ಲಿ ಕ್ಲೀನರ್ ಆಗಿದ್ದ. ಗಡಿಯಾರ ರಿಪೇರಿ ಕಲಿಯಲು ಹೋಗಿ ಎರಡು ಗಡಿಯಾರಗಳನ್ನು ಶಾಶ್ವತವಾಗಿ ನಿಲ್ಲಿಸಿದ. ಕೋಳಿ ಫಾರಮ್ಮಿನಲ್ಲಿ ನಾಲ್ಕು ವರ್ಷ ಕಾವಲಿದ್ದ, ಫಾರಮ್ಮೇ ಮುಚ್ಚಿತು. ನನಗಿಂತ ಆರು ವರ್ಷ ಚಿಕ್ಕವನು. ಅಮ್ಮ ಸತ್ತಾಗ ಅವನಿಗೆ ಒಂಬತ್ತು, ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. “ಇಲ್ಲೇ ಇರು” ಎಂದೆ. ನನ್ನ ಗಂಡ ಬೇಡ ಎನ್ನಲಿಲ್ಲ. ಅವರು ಯಾವುದನ್ನೂ ಬೇಡ ಎನ್ನುವವರಲ್ಲ, ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಾರೆ, ಅಷ್ಟೆ. ಹಾಲು ಕರೆದು, ಸಗಣಿ ಬಾಚಿ, ಕ್ಯಾನು ತೊಳೆದು ಎಲ್ಲ ಮುಗಿದ ಮೇಲೆ, “ನಿನ್ನ ತಮ್ಮ ಎದ್ದನಾ?” ಎಂದು ಅವನಿಗೆ ಕೇಳಿಸುವ ಹಾಗೆ ನನ್ನನ್ನು ಕೇಳುತ್ತಿದ್ದರು. ಊಟದ ಮೇಜಿನ ಸುತ್ತ ನಾಲ್ಕು ಕುರ್ಚಿಗಳಿದ್ದವು, ನಾವಿದ್ದದ್ದು ಮೂವರು. ಆದರೂ ತಮ್ಮ ಅಡುಗೆಮನೆ ಬಾಗಿಲ ಬಳಿಯ ಹಿಂಡಿ ಮೂಟೆಯ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದ. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಇಲ್ಲಿ ಬಾ ಎಂದೂ ಯಾರೂ ಕರೆದಿರಲಿಲ್ಲ.

ಒಂದು ವರ್ಷ, ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ ಹದಿನೈದು ದಿನಕ್ಕೆ, ಕರುಗಳು ಸಾಯತೊಡಗಿದವು. ಬಡಕಲು ಕರುಗಳಲ್ಲ. ಆರು ತಿಂಗಳು, ವರ್ಷ ತುಂಬಿ ಮೈ ಮಿರಮಿರ ಮಿಂಚುತ್ತಿದ್ದ ಕಡಸುಗಳು. ಸಂಜೆ ಚೆನ್ನಾಗಿ ಮೇಯುತ್ತಿದ್ದದ್ದು ಬೆಳಗ್ಗೆ ಗುಡ್ಡದ ಕೆಳಗೆ ಹೊಳೆ ಬದಿಯಲ್ಲಿ ಕಾಲು ಸೆಟೆದು ಬಿದ್ದಿರುತ್ತಿತ್ತು. ಹೊಟ್ಟೆ, ತೊಡೆ ತಿಂದು ಹೋಗಿರುತ್ತಿದ್ದವು. ಸುತ್ತ ಕೆಸರಿನಲ್ಲಿ ತೋಳದ ಹೆಜ್ಜೆ. ಒಂದು ತಿಂಗಳಲ್ಲಿ ಹನ್ನೊಂದು ಮನೆಗಳಿಂದ ಒಂಬತ್ತು ಹೋದವು.

ಎಲ್ಲರೂ ಹಾಲು ಸುರಿಯುವ ಶೆಡ್ಡಿನಲ್ಲಿ ಸಭೆ ಸೇರಿತು. ಎಲ್ಲರಿಗಿಂತ ದೊಡ್ಡ ಮಂದೆ ಇದ್ದವರನ್ನು ನಾವು ಯಜಮಾನರು ಎನ್ನುತ್ತಿದ್ದೆವು, ಮಾತೂ ಅವರದೇ ದೊಡ್ಡದು. ರಾತ್ರಿಯೆಲ್ಲ ಬೆಂಕಿ ಹಾಕೋಣ ಎಂದರೊಬ್ಬರು, ನಾಯಿ ಸಾಕೋಣ ಎಂದರು ಇನ್ನೊಬ್ಬರು. ಹಿಂದಿನ ಸಾಲಿನಿಂದ ನನ್ನ ತಮ್ಮ, “ನಾನು ಹಿಡೀತೀನಿ” ಎಂದ.

ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ. “ಮೊದಲು ಬೆಳಗ್ಗೆ ಏಳೋದನ್ನ ಹಿಡಿ” ಎಂದರು.

“ಕೋಳಿ ಫಾರಮ್ಮಲ್ಲಿ ನರಿ ಹಿಡೀತಿದ್ದೆ” ಎಂದ ತಮ್ಮ. “ತೋಳ ಅಂದ್ರೆ ದೊಡ್ಡ ನರಿ. ಬೋನು ದೊಡ್ಡದು ಬೇಕು, ಅಷ್ಟೆ.”

ಕಮ್ಮಾರನಿಂದ ಆರು ಬೋನು ಮಾಡಿಸಿದರು. ಪಂಜರವಲ್ಲ, ನೆಲದಲ್ಲಿ ಹೂತಿಡುವ ಕಬ್ಬಿಣದ ದವಡೆ. ಮೇಲೆ ಕಾಲಿಟ್ಟರೆ ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತದೆ. ತಮ್ಮ ಅವನ್ನು ಮರದ ತೊಗಟೆಯ ಜೊತೆ ಹಂಡೆಯಲ್ಲಿ ಇಡೀ ದಿನ ಕುದಿಸಿದ, ಹೊಗೆಗೆ ತೂಗುಹಾಕಿದ, ಬರಿಗೈಯಲ್ಲಿ ಮುಟ್ಟಲಿಲ್ಲ. ತೋಳ ಯಾವ ಕಲ್ಲಿನ ಬಳಿ ಉಚ್ಚೆ ಹೊಯ್ಯುತ್ತದೆ, ಅಲ್ಲಿಗೆ ಬರುವಾಗ ಯಾವ ಕಾಲು ಎಲ್ಲಿ ಇಡುತ್ತದೆ ಎಂದು ಗಂಟೆಗಟ್ಟಲೆ ನೋಡಿದ. ಗುಂಡಿ ತೋಡಿ, ಬೋನು ಕೂರಿಸಿ, ಜರಡಿ ಹಿಡಿದ ಮಣ್ಣನ್ನು ಮೇಲೆ ಉದುರಿಸಿ, ಗರಿಯಿಂದ ಸವರಿದ. ಅಲ್ಲಿ ಏನೂ ಇಲ್ಲವೇ ಇಲ್ಲ ಅನ್ನಿಸಬೇಕು, ಹಾಗೆ. ನನ್ನ ತಮ್ಮ ಒಂದು ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸತ್ತ ಕರುವಿನ ತೊಡೆಯನ್ನು ಹಗ್ಗಕ್ಕೆ ಕಟ್ಟಿ ಒಂದು ಬೋನಿನಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುತ್ತಿದ್ದ, ವಾಸನೆಯ ದಾರಿ ಮಾಡಲು. ಗುಡ್ಡದ ಈ ತುದಿಯಿಂದ ಆ ತುದಿಗೆ.

ಒಂಬತ್ತನೆಯ ದಿನ ಮೊದಲನೆಯದು ಸಿಕ್ಕಿತು. ಸುದ್ದಿ ಹಬ್ಬಿ ಎಲ್ಲರೂ ಓಡಿದೆವು. ಬೋನಿಗೆ ಸಿಕ್ಕ ತೋಳ ಕೂಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ನಮ್ಮನ್ನು ನೋಡುತ್ತಿತ್ತು. ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಅದು ಬರೀ ಗಾದೆ ಎಂದುಕೊಂಡಿದ್ದೆ. ಅವತ್ತು ಕಣ್ಣಾರೆ ಕಂಡೆ. ಯಜಮಾನರ ಹೆಂಡತಿ ಕೂಡ ಒಂದು ಎಸೆದರು, ಅದು ಅವರ ಗಂಡನ ಬೆನ್ನಿಗೆ ಬಿತ್ತು. ಎಲ್ಲರೂ ನಕ್ಕರು, ನಾನೂ.

ಆ ಸಂಜೆ ನನ್ನ ಗಂಡ ನಾಲ್ಕನೆಯ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, “ಬಾಪ್ಪ, ಕೂತ್ಕೋ” ಎಂದರು. ತಮ್ಮ ಒಂದು ಕ್ಷಣ ನನ್ನ ಮುಖ ನೋಡಿದ. ಕೂತ. ಅವನ ಮೈಯಿಂದ ಹೊಗೆ, ಹಳಸಿದ ಮಾಂಸದ ವಾಸನೆ ಬರುತ್ತಿತ್ತು. ನನ್ನ ಗಂಡ ಮೂಗು ಮುರಿಯಲಿಲ್ಲ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸುಳ್ಳು ಯಾಕೆ ಹೇಳಲಿ, ಆ ಒಂದು ಸಂಜೆಗಾಗಿ ಇನ್ನೂ ಹತ್ತು ತೋಳ ಸತ್ತರೂ ನನಗೆ ಬೇಜಾರಿರಲಿಲ್ಲ.

ಸತ್ತವು. ಮೂರು ವರ್ಷದಲ್ಲಿ ಹದಿನಾಲ್ಕು. ಗಂಡು, ಹೆಣ್ಣು, ಹಾಲು ಕುಡಿಸುತ್ತಿದ್ದದ್ದು, ಮುಂಗಾಲಿನ ಒಂದು ಬೆರಳೇ ಇಲ್ಲದ ಮುದಿಯದು. ಕರುಗಳೂ ಸತ್ತವು. ಬೇಸಿಗೆಯಲ್ಲಿ ನಿಲ್ಲುವುದು, ಮಳೆ ಬಿದ್ದೊಡನೆ ಶುರುವಾಗುವುದು. “ಇನ್ನೂ ಒಂದೆರಡು ಉಳ್ಕೊಂಡಿವೆ” ಎನ್ನುತ್ತಿದ್ದ ತಮ್ಮ. ಮೊದಲು ಬರೀ ಕೆಳಗಿನ ಹೊಳೆ ಬದಿಯಲ್ಲಿ ಸಾಯುತ್ತಿದ್ದವು, ಈಗ ಗುಡ್ಡದ ಎಲ್ಲ ಕಡೆ ಸಾಯುತ್ತಿವೆಯಲ್ಲ ಎಂದು ನಾನು ಕೇಳಿದರೆ, “ಬುದ್ಧಿ ಕಲಿತಿವೆ, ಜಾಗ ಬದಲಾಯಿಸ್ತಿವೆ” ಎಂದ. ಎರಡನೆಯ ವರ್ಷ ಸತ್ತ ಕಡಸೊಂದರ ತೊಡೆಯ ಮೇಲೆ ಕೈಯಿಟ್ಟಾಗ, ಚರ್ಮದಡಿ ಒಣ ಎಲೆ ತುಂಬಿದ ಹಾಗೆ ಚರಚರ ಎಂದಿತು.

“ಇದೇನೋ ಇದು?”

“ಹಲ್ಲು ಊರಿದ ಕಡೆ ಗಾಳಿ ಸೇರ್ಕೊಳ್ಳುತ್ತೆ ಅಕ್ಕ.”

ಒಪ್ಪಿಕೊಂಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿನಲ್ಲಿ ನಾನೂ ನಿಂತೆ.

ಮೂರನೆಯ ವರ್ಷ ರಸ್ತೆಯ ತುದಿಯ ದನದ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ತೆಳ್ಳನೆಯ ಮನುಷ್ಯ. ಒಣಹುಲ್ಲಿನ ಹತ್ತಿರ ಬಂದರೆ ಸೀನು, ಒಂದಲ್ಲ ಎರಡಲ್ಲ, ಏಳೆಂಟು. ಹುಲ್ಲಿಗೆ ಸೀನುವ ದನದ ಡಾಕ್ಟರು ಎಂಬ ಜೋಕು ಒಂದೇ ವಾರದಲ್ಲಿ ಹನ್ನೊಂದು ಮನೆ ಸುತ್ತಿತು. ಮಳೆಗೆ ಮೊದಲು ಸೂಜಿ ಹಾಕಿಸಿ ಎಂದು ಅವರು ಮನೆಮನೆಗೆ ಬಂದರು. ಯಜಮಾನರು ಗೇಟಿನಲ್ಲೇ ನಿಂತು, “ನಮ್ಮ ಕರು ಕಾಯಿಲೆ ಬಂದು ಸಾಯಲ್ಲ ಸ್ವಾಮಿ, ತೋಳ ತಿಂದು ಸಾಯ್ತವೆ. ತೋಳಕ್ಕೆ ಸೂಜಿ ಇದ್ರೆ ಹಾಕಿ” ಎಂದರು. ನಮ್ಮ ಗೇಟಿನಲ್ಲೂ ಅದೇ ಉತ್ತರ. ನಾನು ಒಳಗೆ ಕ್ಯಾನು ತೊಳೆಯುತ್ತಿದ್ದೆ, ಹೊರಗೆ ಬರಲಿಲ್ಲ.

ಆ ವರ್ಷ ನನ್ನದೇ ಅನ್ನುವ ಒಂದು ಕಡಸಿತ್ತು. ಹುಟ್ಟಿದಾಗಲೇ ತಾಯಿ ಸತ್ತಿತ್ತು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದೆ. ಸ್ವಲ್ಪ ತಡವಾದರೆ ಮುಖ ತಿರುಗಿಸಿ ನಿಲ್ಲುತ್ತಿತ್ತು. ಅದಕ್ಕೇ ಮುನಿಸಮ್ಮ ಎನ್ನುತ್ತಿದ್ದೆ. ಹತ್ತು ತಿಂಗಳಿಗೇ ಬೆನ್ನು ಹಲಗೆಯ ಹಾಗಿತ್ತು.

ಮಳೆ ಶುರುವಾದ ಮೂರನೆಯ ವಾರ, ಬೆಳಗ್ಗೆ ಗುಡ್ಡ ಹತ್ತಿದವಳಿಗೆ ನೀರಿನ ತೊಟ್ಟಿಯ ಪಕ್ಕ ಮುನಿಸಮ್ಮ ಸತ್ತು ಬಿದ್ದದ್ದು ಕಂಡಿತು. ಮೈ ಮೇಲೆ ಒಂದು ಗೀರೂ ಇರಲಿಲ್ಲ. ತೊಟ್ಟಿಯ ಸುತ್ತ ಕೆಸರು ತುಂಬ ದನದ ಗೊರಸು ಬಿಟ್ಟರೆ ಬೇರೆ ಯಾವ ಗುರುತೂ ಇರಲಿಲ್ಲ. ನಾನು ಅದರ ಸುತ್ತ ಎರಡು ಸಲ ನಡೆದಿದ್ದೆ, ನೋಡಿದ್ದೆ. ಕೆಳಗೆ ಓಡಿ ಹೋಗಿ ಗಂಡನನ್ನು ಕರೆದುಕೊಂಡು ಬಂದೆ. ಅರ್ಧ ಗಂಟೆ ಹಿಡಿದಿರಬಹುದು.

ನಾವು ಬರುವಷ್ಟರಲ್ಲಿ ತಮ್ಮ ಅಲ್ಲಿ ನಿಂತಿದ್ದ. ಮುನಿಸಮ್ಮನ ತೊಡೆ ಹರಿದಿತ್ತು. ಸುತ್ತ ಕೆಸರಿನಲ್ಲಿ ತೋಳದ ಹೆಜ್ಜೆ.

“ಬಂದು ಹೋಗಿದೆ ಭಾವ” ಎಂದ. “ಒಂದೇ ಇರೋದು. ಈ ವಾರ ಹಿಡೀತೀನಿ.”

ನನ್ನ ಗಂಡ ಬೈಯುತ್ತ ಕೆಳಗಿಳಿದರು. ನಾನು ಕೆಸರನ್ನು ನೋಡುತ್ತ ನಿಂತೆ. ಹೆಜ್ಜೆಗಳೆಲ್ಲ ಬಲ ಮುಂಗಾಲಿನದೇ. ಎಡಗಾಲಿಲ್ಲ, ಹಿಂಗಾಲಿಲ್ಲ. ಎಲ್ಲದರಲ್ಲೂ ಒಂದು ಬೆರಳಿಲ್ಲ. ಆ ಬೆರಳಿಲ್ಲದ ಮುದಿ ತೋಳ ಹಿಂದಿನ ವರ್ಷವೇ ಸತ್ತದ್ದನ್ನು ನಾನು ಕಂಡಿದ್ದೆ.

“ಜೇಬಲ್ಲಿ ಏನಿದೆ, ತೆಗಿ” ಎಂದೆ.

ಅವನು ನನ್ನ ಗಂಡ ಇಳಿದು ಹೋದ ಕಡೆ ಒಮ್ಮೆ ನೋಡಿದ. ಆಮೇಲೆ ಎಣ್ಣೆಬಟ್ಟೆಯಲ್ಲಿ ಸುತ್ತಿದ್ದದ್ದನ್ನು ಹೊರಗೆ ತೆಗೆದ. ಒಣಗಿಸಿದ ಪಂಜ. ಮಣಿಕಟ್ಟಿಗೆ ಒಂದು ಕೋಲು ಸಿಕ್ಕಿಸಿತ್ತು.

“ಎಷ್ಟು ದಿನದಿಂದ?”

“ಇದಾ? ಈ ವರ್ಷ ಮಾತ್ರ. ಈಗ ಒಂದೂ ಉಳಿದಿಲ್ಲ ಅಕ್ಕ, ಗುಡ್ಡದಲ್ಲಿ.”

“ಹಾಗಾದ್ರೆ ಕರು ಯಾಕೆ ಸಾಯ್ತಿವೆ?”

“ಅದು ನಂಗೊತ್ತಿಲ್ಲ. ಏನೋ ಕಾಯಿಲೆ ಇರ್ಬೇಕು.”

“ಯಾವಾಗಿಂದ ಗೊತ್ತು ನಿಂಗೆ?”

ಅವನು ಪಂಜವನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಿದ್ದ, ತುಂಬ ನಾಜೂಕಾಗಿ. “ಮೊದಲನೇ ಕರುವಿಂದ” ಎಂದ. “ಜೀವ ಇರೋವಾಗ ಕಚ್ಚಿದ್ರೆ ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತೆ. ಇವುಕ್ಕೆ ಒಂದಕ್ಕೂ ಇರ್ಲಿಲ್ಲ. ಕುಂಬಳಕಾಯಿ ಕುಯ್ದ ಹಾಗಿತ್ತು. ಸತ್ತ ಮೇಲೆ ಬಂದು ತಿಂದಿದ್ದು ಅವು.”

ನನ್ನ ಕೈ ತಾನಾಗಿ ಎದ್ದಿತು. ಅವನಿಗೆ ನಲವತ್ತೊಂದು ವರ್ಷ, ಆದರೂ ಕೆನ್ನೆಗೆ ಹೊಡೆದೆ. ಅವನು ತಪ್ಪಿಸಿಕೊಳ್ಳಲಿಲ್ಲ.

“ಹೇಳೋಕೆ ಏನಾಗಿತ್ತೋ ನಿಂಗೆ? ಬಾಯಿಗೆ ಬೀಗ ಹಾಕಿದ್ರಾ?”

“ಹೇಗೆ ಸತ್ತಿತು ಅಂತ ನನ್ನ ಯಾರು ಕೇಳಿದ್ರು? ಯಾರು ತಿಂದ್ರು ಅಂತ ಕೇಳಿದ್ರು. ತೋರಿಸ್ದೆ.” ಕೆನ್ನೆ ಸವರಿಕೊಂಡ. “ಬೋನು ಹಾಕೋಕೆ ಮುಂಚೆ ಭಾವ ನನ್ನ ಜೊತೆ ಒಂದು ಮಾತಾಡಿದ್ದು ನಿಂಗೆ ನೆನಪಿದ್ಯಾ? ಒಂದೇ ಒಂದು? ಈಗ ಯಜಮಾನ್ರು ನನ್ನ ಕಂಡ್ರೆ ಸೈಕಲ್ ಇಳೀತಾರೆ. ಹೋಗಿ ಹೇಳಿಬಿಡ್ಲಾ, ಮೂಸಣ್ಣ ಅಂಥ ದೊಡ್ಡ ಮನುಷ್ಯ ಏನಲ್ಲ ಅಂತ?”

ಅಲ್ಲಿಂದ ನೇರವಾಗಿ ದನದ ಆಸ್ಪತ್ರೆಗೆ ನಡೆದೆ.

ಡಾಕ್ಟರು ಸೀನುತ್ತ ಗುಡ್ಡ ಹತ್ತಿದರು. ಮುನಿಸಮ್ಮನ ಇನ್ನೊಂದು ತೊಡೆಯ ಮೇಲೆ ಬೆರಳೊತ್ತಿದರು. ಚರಚರ ಎಂದಿತು. ಕತ್ತಿಯಿಂದ ಸೀಳಿದರು. ಒಳಗೆ ಮಾಂಸ ಕರ್ರಗೆ, ಸುಟ್ಟ ಸ್ಪಂಜಿನ ಹಾಗೆ. ಕೆಟ್ಟ ಬೆಣ್ಣೆಯ ವಾಸನೆ ಬಂತು.

“ಚಪ್ಪೆ ರೋಗ” ಎಂದರು. “ದಷ್ಟಪುಷ್ಟವಾಗಿರೋ ಕರುವಿಗೇ ಬರೋದು. ಒಂದೇ ದಿನದಲ್ಲಿ ಮುಗಿಸಿಬಿಡುತ್ತೆ. ಮಳೆಗೆ ಮೊದಲು ಒಂದು ಸೂಜಿ ಹಾಕಿದ್ರೆ ಬರೋದೇ ಇಲ್ಲ.”

“ಒಂದು ಸೂಜಿ?”

“ಒಂದೇ. ಈಗ ಹಾಕಿದ್ರೂ ಉಳಿದಿರೋವು ಉಳೀತವೆ.” ಸುತ್ತ ನೋಡಿದರು. “ಇದು ಮಣ್ಣಲ್ಲಿರೋ ರೋಗ ಅಮ್ಮ. ಸತ್ತ ಕರುವನ್ನ ಬಯಲಲ್ಲಿ ಕುಯ್ದರೆ, ಎಳೆದಾಡಿದ್ರೆ, ಆ ಮಣ್ಣಿಗೆಲ್ಲ ಬಿತ್ತಿದ ಹಾಗೆ. ಸತ್ತಲ್ಲೇ ಆಳವಾಗಿ ಹೂಳ್ತಿದ್ರಿ ತಾನೆ?”

ಹಗ್ಗಕ್ಕೆ ಕಟ್ಟಿದ ತೊಡೆ, ಅದರ ಹಿಂದೆ ಹುಲ್ಲು ಮಲಗಿ ಬಿದ್ದ ದಾರಿ, ಈ ತುದಿಯಿಂದ ಆ ತುದಿಗೆ, ಮೂರು ವರ್ಷ. ಅವರು ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.

ಅದೇ ವಾರ ಶೆಡ್ಡಿನಲ್ಲಿ ಸಭೆ ಕರೆಸಿದೆ. ಹೆಂಗಸು ಸಭೆ ಕರೆದದ್ದು ಅದೇ ಮೊದಲು, ಏನೋ ತಮಾಷೆಯಿದೆ ಎಂದು ಎಲ್ಲರೂ ಬಂದರು. ಎಲ್ಲ ಹೇಳಿದೆ. ಹೆಪ್ಪುಗಟ್ಟದ ರಕ್ತ, ಕಪ್ಪು ಮಾಂಸ, ಎಳೆದ ತೊಡೆ, ಒಂದೇ ಕಾಲಿನ ಹೆಜ್ಜೆ. ಹೇಳುವಾಗ ತಮ್ಮನ ಕಡೆ ನೋಡಲಿಲ್ಲ. ಡಾಕ್ಟರು ಎದ್ದು ವಿವರಿಸಲು ಬಾಯಿ ತೆರೆದರು. ಪಕ್ಕದಲ್ಲಿ ಹುಲ್ಲಿನ ಪಿಂಡಿಗಳಿದ್ದವು. ಏಳು ಸೀನು. ಆರನೆಯದಕ್ಕೆ ಶೆಡ್ಡು ನಗುವಿನಿಂದ ಬಿರಿಯಿತು. ಆಮೇಲೆ ಅವರು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ.

ಯಜಮಾನರು ತಮ್ಮನ ಕಡೆ ತಿರುಗಿದರು. “ಏನಪ್ಪ, ನಿಮ್ಮಕ್ಕ ಹೀಗಂತಾರೆ?”

ಅವನು ಒಂದು ಮಾತು ಹೇಳಬಹುದಿತ್ತು. ಹೌದು ಎಂಬ ಒಂದು ಮಾತು. ನೆಲ ನೋಡುತ್ತ, ತುಂಬ ಮೆಲ್ಲಗೆ, “ಅಕ್ಕನಿಗೆ ಆ ಕಡಸು ಅಂದ್ರೆ ಪ್ರಾಣ” ಎಂದ. “ಮಗು ಥರ ಸಾಕಿದ್ಳು. ನಾನು ಕಾಪಾಡೋಕೆ ಆಗ್ಲಿಲ್ಲ. ಆ ಸಿಟ್ಟಲ್ಲಿ ಏನೋ ಅಂತಿದಾಳೆ. ನಂಗೇನೂ ಬೇಜಾರಿಲ್ಲ.”

ಹೆಂಗಸರು ಲೊಚಗುಟ್ಟಿದರು. ನನಗಾಗಿ ಅಲ್ಲ, ಅವನಿಗಾಗಿ. ನನ್ನ ಗಂಡ ನನ್ನ ತೋಳು ಹಿಡಿದು ಹೊರಗೆ ಕರೆತಂದರು. “ಹತ್ತು ಜನರ ಮುಂದೆ ಒಡಹುಟ್ಟಿದವನ ಮಾನ ಕಳೀತೀಯಲ್ಲ, ನೀನೂ ಒಬ್ಬಳು ಅಕ್ಕನಾ?” ಎಂದರು. ಹಿಂಡಿ ಮೂಟೆಯ ಮೇಲೆ ಕೂತವನ ಮಾನದ ಬಗ್ಗೆ ಅವರಿಗಿದ್ದ ಕಾಳಜಿಯನ್ನು ನಾನು ಹಿಂದೆ ಕಂಡಿರಲಿಲ್ಲ.

ಮಾರನೆಯ ದಿನ ನಮ್ಮ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತು ನಮ್ಮ ಕರುಗಳಿಗೆಲ್ಲ ಸೂಜಿ ಹಾಕಿಸಿದೆ. ಗಂಡ ಒಂದು ತಿಂಗಳು ಮಾತು ಬಿಟ್ಟರು, ಮೊದಲೂ ಹೆಚ್ಚು ಆಡುತ್ತಿರಲಿಲ್ಲ. ತಮ್ಮ ತನ್ನ ಹಾಸಿಗೆ, ಆರು ಬೋನು ಎತ್ತಿಕೊಂಡು ಯಜಮಾನರ ಮನೆಯ ಹಿಂದಿನ ಕೋಣೆಗೆ ಹೋದ. ಹೋಗುವಾಗ ಹೇಳಿ ಹೋಗಲಿಲ್ಲ.

ಆ ಮಳೆಗಾಲ ಯಜಮಾನರ ಏಳು ಕಡಸುಗಳು ಸತ್ತವು. ಬೇರೆ ಮನೆಗಳಲ್ಲಿ ಒಂದು, ಎರಡು, ನಾಲ್ಕು. ನಮ್ಮದು ಒಂದೂ ಇಲ್ಲ. ಇನ್ನಾದರೂ ಒಪ್ಪುತ್ತಾರೆ ಎಂದುಕೊಂಡೆ. ಮುಂದಿನ ಬೇಸಿಗೆಯ ಕೊನೆಗೆ ದನದ ಆಸ್ಪತ್ರೆಯ ಮುಂದೆ ಹತ್ತು ಮನೆಯವರೂ ಸಾಲು ನಿಂತಿದ್ದರು. ಯಜಮಾನರ ಹೆಂಡತಿಯ ಪಕ್ಕ ಹೋಗಿ, “ಹಾಕಿಸ್ತಿದೀರಲ್ಲ, ಒಳ್ಳೇದಾಯ್ತು” ಎಂದೆ.

“ಮೂಸಣ್ಣನೇ ಹೇಳಿದ್ದು” ಎಂದರು ಅವರು. “ಸೂಜಿ ಔಷಧಿ ಮೈಗಿಳಿದ್ರೆ ಮಾಂಸ ಕಹಿ ಆಗುತ್ತಂತೆ. ಮೂಸಿ ನೋಡಿ ತೋಳ ಬಿಟ್ಟು ಹೋಗುತ್ತಂತೆ. ಅದಕ್ಕೇ ಅಂತೆ ನಿಮ್ಮ ಕರುಗಳನ್ನ ಮುಟ್ಟದೇ ಇದ್ದದ್ದು. ಎಂಥ ತಲೆ ನೋಡಿ ನಿಮ್ಮ ತಮ್ಮಂದು.”

ಸೂಜಿ ಹಿಡಿದು ನಿಂತಿದ್ದ ಡಾಕ್ಟರು ಅದನ್ನು ಕೇಳಿಸಿಕೊಂಡರು. ನನ್ನ ಕಡೆ ನೋಡಿ ಭುಜ ಹಾರಿಸಿ ಮುಂದಿನ ಕರುವಿನ ಕತ್ತು ಹಿಡಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆ ವರ್ಷ ಗುಡ್ಡದಲ್ಲಿ ಒಂದು ಕರುವೂ ಸಾಯಲಿಲ್ಲ. ಹತ್ತು ಮನೆಯವರು ಅದಕ್ಕಾಗಿ ಸ್ಮರಿಸಿದ್ದು ನನ್ನ ತಮ್ಮನನ್ನು.

ಒಂದು ಸಂಜೆ ಅವನು ನಮ್ಮ ಹಟ್ಟಿಗೆ ಬಂದ. ನಾನು ಹಾಲು ಕರೆಯುತ್ತಿದ್ದೆ. “ಎಲ್ಲ ಕರು ಉಳಿದ್ವಲ್ಲ ಅಕ್ಕ” ಎಂದ. “ನಾನು ನಿಜ ಹೇಳಿದ್ರೆ ಒಬ್ಬನೂ ಸೂಜಿ ಹಾಕಿಸ್ತಿರ್ಲಿಲ್ಲ. ಹೀಗೆ ಹೇಳಿದ್ದಕ್ಕೆ ಹಾಕಿಸಿದ್ರು.”

ಅವನ ದನಿಯಲ್ಲಿ ಶಾಲೆಯಿಂದ ಬಂದು ಬಹುಮಾನ ತೋರಿಸುವ ಹುರುಪಿತ್ತು. ಅವನು ಹೇಳಿದ್ದು ನಿಜವೂ ಆಗಿತ್ತು, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕರೆಯುತ್ತಲೇ ಇದ್ದೆ. ಸ್ವಲ್ಪ ಹೊತ್ತು ನಿಂತು ಹೋದ.

ಮತ್ತೊಂದು ಮಳೆಗಾಲ ಬರುವ ಮೊದಲು, ಗುಡ್ಡದಾಚೆಯಿಂದ ಒಂದು ತೋಳ ಬಂತು. ಬೆಳಗ್ಗೆ ಹಾಲು ತರುವವರು ಕಂಡರು. ಎಳೆಯದು, ಒಂಟಿ, ಇಲಿ ಹಿಡಿಯುತ್ತ ಹುಲ್ಲಿನಲ್ಲಿ ಕುಪ್ಪಳಿಸುತ್ತಿತ್ತಂತೆ. ಯಜಮಾನರು ತಮ್ಮನನ್ನು ಕರೆಸಿದರು. ಅವನು ಬೋನು ಹೊತ್ತು ಹತ್ತುವಾಗ ನಾನು ಕಲ್ಲುಗೋಡೆಯ ಬಳಿ ಅಡ್ಡ ನಿಂತೆ.

“ಅದು ಏನೂ ಮಾಡಿಲ್ಲ. ನಿಂಗೆ ಗೊತ್ತು.”

“ಗೊತ್ತು.”

“ಮತ್ತೆ?”

“ಅವರಿಗೆ ಗೊತ್ತಿಲ್ವಲ್ಲ” ಎಂದ. ಬೋನುಗಳ ಭಾರಕ್ಕೆ ಅವನ ಕುತ್ತಿಗೆಯ ನರ ಉಬ್ಬಿತ್ತು. ತಲೆಯಲ್ಲಿ ಅರ್ಧ ಬೆಳ್ಳಗಾಗಿತ್ತು. “ದಾರಿ ಬಿಡು ಅಕ್ಕ. ಭಾರ ಇದೆ.”

ಬಿಟ್ಟೆ. ಅದನ್ನೇ ಈಗಲೂ ಯೋಚಿಸುತ್ತೇನೆ. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಮೂರನೆಯ ದಿನ ಸಿಕ್ಕಿತಂತೆ. ನಾನು ಹೋಗಲಿಲ್ಲ. ನನ್ನ ಗಂಡ ಹೋಗಿದ್ದರು. ಬಂದು ಕೈ ತೊಳೆದು ಊಟಕ್ಕೆ ಕೂತು, ಅದು ಇನ್ನೂ ಮರಿಯ ಹಾಗಿತ್ತು, ಹಲ್ಲೆಲ್ಲ ಬೆಳ್ಳಗಿದ್ದವು ಎಂದರು. ಉಪ್ಪು ಕೇಳಿದರು. ಕೊಟ್ಟೆ.